ಅನ್ನದಿಂದ ಚಮಚ ಕಿತ್ತವಳು

ಅಸೆನೊವ್‌ಗ್ರಾದ್
19 ಸೆಪ್ಟೆಂಬರ್ 2024, ಗುರುವಾರ

ನನ್ನ ಇಸ್ಕ್ರಾ,

ಕೋಪದಲ್ಲಿರುವವಳ ಕ್ಷೇಮ ಹೇಗೆ ಕೇಳಬೇಕೋ ನನಗೆ ಗೊತ್ತಿಲ್ಲ. ಹೊಟ್ಟೆಗೆ ಏನಾದರೂ ಹಾಕಿಕೊಂಡಿದ್ದೀಯ ಎಂದುಕೊಂಡು ಶುರು ಮಾಡುತ್ತೇನೆ. ಮೊನ್ನೆಯಿಂದ ಫೋನ್ ಎತ್ತುತ್ತಿಲ್ಲ ನೀನು. ಎತ್ತದಿದ್ದದ್ದೇ ಒಳ್ಳೆಯದಾಯಿತು ಬಿಡು, ಇದು ಫೋನಿನಲ್ಲಿ ಆಡುವ ಮಾತಲ್ಲ. ಪ್ಲೊವ್ದಿವ್ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೊತೆಗೆ ಒಂದು ಜಾಡಿ ಲ್ಯುತೆನಿತ್ಸಾ ಗೊಜ್ಜು ಇದೆ, ಈ ವರ್ಷದ ಕೆಂಪು ದಪ್ಪ ಮೆಣಸಿನಕಾಯಿ ಸಿಹಿಯಾಗಿದೆ. ಜಾಡಿ ತೊಳೆದು ವಾಪಸ್ ಕಳಿಸು. ಕೋಪ ಬೇಕಾದರೆ ನಿನ್ನ ಹತ್ತಿರವೇ ಇರಲಿ.

ಮೊದಲು ಕೆಲಸದ ಮಾತು. ನಾಳೆ ಸಿಯೋಲ್ ಟಿವಿಯವರು ನಿನ್ನ ಸಂದರ್ಶನಕ್ಕೆಂದು ಕೊರಿಯನ್ ಕೇಂದ್ರಕ್ಕೆ ಬರುತ್ತಾರಲ್ಲ, ಅವರು ಬರುವ ಮೊದಲು ಅಲ್ಲಿಂದ ಆ ಫೋಟೋ ತೆಗೆಯಬೇಕು. ಅವರು ಕೇಳಿದರೆ, ಆ ಮನುಷ್ಯ ನನ್ನ ಅಪ್ಪನಲ್ಲ, ಅಮ್ಮ ಹೇಳಿದ್ದೆಲ್ಲ ಕಟ್ಟುಕಥೆ ಎನ್ನಬೇಕು. ಇಷ್ಟು ಓದಿ ಕಾಗದ ಹರಿಯಬೇಡ. ಮುಂದಿನದನ್ನೂ ಓದು. ಓದಿದ ಮೇಲೆ ಹರಿದರೆ ಸಾಲದು, ಒಲೆಗೆ ಹಾಕು.

ಮಂಗಳವಾರ ನಾನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆನ್ ಮೇಡಂ ಪಾಪ, ಕೇಂದ್ರಕ್ಕೆ ನಿರ್ದೇಶಕಿಯಾಗಿ ಬಂದ ಮೇಲೆ ಮೊದಲ ದೊಡ್ಡ ಸಮಾರಂಭ ಅವರಿಗೆ. ರಾಯಭಾರಿಯ ಕಿವಿಯಲ್ಲಿ ಏನೋ ಹೇಳಿ ನನ್ನ ಮಾನ ಉಳಿಸಲು ನೋಡಿದರು. ಅಜ್ಜಿಗೆ ಅರಳುಮರಳು ಎಂದೇ ಹೇಳಿರಬೇಕು. ಎಲ್ಲರೂ ನನ್ನನ್ನು ಕರುಣೆಯಿಂದ ನೋಡಲು ಶುರುಮಾಡಿದ್ದು ಆಗಲೇ. ನನಗೆ ಅರಳೂ ಇಲ್ಲ, ಮರಳೂ ಇಲ್ಲ. ಎಂಬತ್ತಮೂರಕ್ಕೆ ಮಂಡಿ ಹೋಗಿದೆ ಅಷ್ಟೆ.

ನೀನು ನನ್ನನ್ನು ಆ ಕೇಂದ್ರಕ್ಕೆ ಕರೆದುಕೊಂಡು ಹೋದಾಗ ಹೇಳಿದ್ದು ಒಂದೇ ಮಾತು: "ಬಾರಮ್ಮಾ, ನಿಂಗೊಂದು ಆಶ್ಚರ್ಯ ಇದೆ." ನಾನು ಹುಡುಗಿಯರ ಕುಣಿತ ಇರಬೇಕು ಎಂದುಕೊಂಡೆ. ನಮ್ಮ ಬೀದಿಯ ಹುಡುಗಿಯರೆಲ್ಲ ಕೊರಿಯನ್ ಹಾಡಿಗೆ ಸೊಂಟ ಮುರಿದುಕೊಳ್ಳುತ್ತಾರಲ್ಲ, ಅದು. ನೀನು ಆ ಗುಲಾಬಿ ಬಣ್ಣದ ದೊಡ್ಡ ಲಂಗ ಉಟ್ಟು ಬಾಗಿಲಲ್ಲಿ ನಿಂತಿದ್ದೆ. ಅರವತ್ತಮೂರು ವರ್ಷದ ನನ್ನ ಮಗಳು ಮದುವಣಗಿತ್ತಿಯ ಹಾಗೆ ನಾಚಿಕೊಂಡಿದ್ದಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಿನ್ನ ಲಂಗದ ಅಂಚು ಬಾಗಿಲಿಗೆ ಸಿಕ್ಕಿಕೊಂಡಿತ್ತು, ಬಿಡಿಸಿಕೊಟ್ಟೆ.

ಒಳಗೆ ಹೋಗಿ ನೋಡಿದರೆ ಎಡೆ ಇಟ್ಟಿದ್ದರು. ಪೇರು, ಚೆಸ್ಟ್‌ನಟ್, ಇಡೀ ಮೀನು, ಒಣಗಿಸಿದ ಹಣ್ಣು, ಮಧ್ಯೆ ಅವನು. ನನ್ನ ಪೆಟ್ಟಿಗೆಯಲ್ಲಿದ್ದ ಸಣ್ಣ ಫೋಟೋವನ್ನು ಯಾವಾಗ ತೆಗೆದುಕೊಂಡು ಹೋದೆಯೋ, ಕಿಟಕಿಯಷ್ಟು ದೊಡ್ಡದು ಮಾಡಿಸಿದ್ದೆ. ಕೃಷಿ ಕಾಲೇಜಿನ ಗಾಜಿನ ಮನೆಯ ಮುಂದೆ ಮೆಣಸಿನ ಸಸಿ ಹಿಡಿದು ನಿಂತ ಇಪ್ಪತ್ತನಾಲ್ಕರ ಹುಡುಗ. ಅದರ ಮುಂದೆ ಕಾಗದದ ಫಲಕದಲ್ಲಿ ಅವನ ಹೆಸರು, ಊರು, ಜಿಲ್ಲೆ, ಎಲ್ಲ. ಆನ್ ಮೇಡಂ ಮೈಕಿನಲ್ಲಿ ಹೇಳಿದರು: "ಸುಗ್ಗಿ ಹಬ್ಬದ ದಿನ ನಮ್ಮಲ್ಲಿ ಅಕ್ಕಿ ಕಡುಬು ಇಡೋದು. ಆದ್ರೆ ನೀವೆಲ್ಲ ನೋಡ್ಲಿ ಅಂತ ಇವತ್ತು ಸತ್ತವರ ದಿನದ ಪೂರ್ತಿ ಎಡೆ ಇಟ್ಟಿದೀವಿ. ನಮ್ಮ ಇಸ್ಕ್ರಾ ತನ್ನ ತಂದೆಗೆ ಮೊದಲನೇ ಸಲ ನಮಸ್ಕಾರ ಮಾಡ್ತಾಳೆ." ನೀನು ಮುಂದೆ ಬಂದು ಅನ್ನದ ಬಟ್ಟಲಿನ ಮಧ್ಯೆ ಚಮಚವನ್ನು ನೆಟ್ಟಗೆ ನಿಲ್ಲಿಸಿದೆ. ಕ್ಯಾಮೆರಾ ಆ ಬಟ್ಟಲಿಗೂ ಆ ಹೆಸರಿಗೂ ಹತ್ತಿರ ಹತ್ತಿರ ಹೋಗುತ್ತಿತ್ತು.

ಆಮೇಲೆ ನಾನು ಎದ್ದದ್ದು, ಹೆಸರಿನ ಫಲಕವನ್ನು ಚೀಲಕ್ಕೆ ಹಾಕಿಕೊಂಡದ್ದು, ಫೋಟೋವನ್ನು ಮಕಾಡೆ ಮಲಗಿಸಿದ್ದು, ಚಮಚ ಕಿತ್ತು ಅಲ್ಲೇ ಕೂತು ಅನ್ನ ತಿಂದದ್ದು ಊರಿಗೆಲ್ಲ ಗೊತ್ತಾಗಿದೆ. ಯಾಕೆ ತಿಂದೆ ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಅನ್ನವನ್ನು ತಿಂದರೆ ಅದು ಎಡೆಯಲ್ಲ, ಊಟ ಎಂದು ತೋರಿರಬೇಕು. ಉಪ್ಪೇ ಇರಲಿಲ್ಲ ಅದಕ್ಕೆ.

ಕಾರಿನಲ್ಲಿ ನೀನು ಹೇಳಿದ್ದು ಎದೆಯಲ್ಲಿ ಹಾಗೆಯೇ ಕೂತಿದೆ. "ಅವ್ರು ಸತ್ತಾಗ ಒಂದು ಸಾವಿನ ಚೀಟಿ ಅಂಟಿಸ್ಲಿಲ್ಲ ನೀನು. ಪಕ್ಕದ್ಮನೆ ನಾಯಿ ಸತ್ರೂ ಗೇಟಿಗೆ ಫೋಟೋ ಅಂಟಿಸೋ ಊರು ಇದು, ನನ್ನಪ್ಪಂಗೆ ಮಾತ್ರ ಇಲ್ಲ. ಈಗ ಅವ್ರ ಅನ್ನಾನೂ ಕಿತ್ಕೊಂಡ್ಯಲ್ಲಮ್ಮಾ!" ಅಂದೆ. ನಾನು ಹೇಳಬೇಕಾದದ್ದು ಬಿಸಿತುಪ್ಪವಾಗಿತ್ತು, ಉಗುಳಲೂ ಆಗದು, ನುಂಗಲೂ ಆಗದು. ಈಗ ಉಗುಳುತ್ತಿದ್ದೇನೆ.

ಆ ಚಮಚದ ವಿಷಯ ನನಗೆ ಆನ್ ಮೇಡಂ ಹೇಳಿಕೊಡಬೇಕಾಗಿರಲಿಲ್ಲ. ನಿನ್ನ ಅಪ್ಪ, ಅವನ ಹೆಸರು ಈ ಕಾಗದದಲ್ಲೂ ಬರೆಯುವುದಿಲ್ಲ, ನಮ್ಮ ತರಕಾರಿ ಕ್ಯಾನಿಂಗ್ ಕಾರ್ಖಾನೆಯ ಹಿಂದಿನ ನನ್ನ ಬಾಡಿಗೆ ಕೋಣೆಗೆ ಮೊದಲ ಸಲ ಊಟಕ್ಕೆ ಬಂದ ದಿನ ನಾನು ಅವನಿಗೆಂದೇ ಅನ್ನ ಮಾಡಿದ್ದೆ. ಹಾಲು ಸಕ್ಕರೆ ಹಾಕದೆ ಅನ್ನ ಮಾಡುವುದೇ ನನಗೆ ಹೊಸದು. ಬಟ್ಟಲಿಗೆ ಹಾಕಿ, ಚಮಚ ಬೀಳದಿರಲಿ ಎಂದು ಅನ್ನಕ್ಕೆ ನೆಟ್ಟು ಅವನ ಮುಂದಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. ಚಮಚ ಕಿತ್ತು ನನ್ನ ಕೈಗೆ ಕೊಟ್ಟು, "ಗಿನ್ಕಾ, ನಾನಿನ್ನೂ ಬದುಕಿದೀನಿ ಕಣೆ" ಎಂದ. ಅವರಲ್ಲಿ ಅನ್ನಕ್ಕೆ ಚಮಚ ನೆಡುವುದು ಸತ್ತವರ ಎಡೆಗೆ ಮಾತ್ರ ಎಂದು ಆಮೇಲೆ ವಿವರಿಸಿದ. ವಿಷಯ ಗೊತ್ತಾದ ಮೇಲೆ ಇಬ್ಬರೂ ನಕ್ಕೆವು. ಅವನು ಇದ್ದಷ್ಟು ದಿನ ನಾನು ಅವನನ್ನು ಹಾಗೆ ಹೆದರಿಸುತ್ತಿದ್ದೆ, ತಡವಾಗಿ ಬಂದರೆ ಚಮಚ ನೆಡುತ್ತೇನೆ ಎಂದು. ಒಳ್ಳೆಯ ದಿನಗಳು ಅವು ಇಸ್ಕ್ರಾ. ನಾನು ಅವನನ್ನು ತುಂಬಾ ಪ್ರೀತಿಸಿದೆ, ಮುಚ್ಚಿಡುವುದೇನಿದೆ.

ಅವನ ಉತ್ತರ ಕೊರಿಯಾ ಸರ್ಕಾರ ಮದುವೆಗೆ ಒಪ್ಪಲಿಲ್ಲ. ಅದಕ್ಕೇ ನಿನ್ನ ಹೆಸರಿನ ಮಧ್ಯೆ, ತಂದೆಯ ಹೆಸರು ಇರಬೇಕಾದಲ್ಲಿ, ನನ್ನ ಅಪ್ಪನ ಹೆಸರಿದೆ. 1962ರಲ್ಲಿ, ನೀನು ಅಂಬೆಗಾಲಿಡುವಾಗ, ಎಲ್ಲ ವಿದ್ಯಾರ್ಥಿಗಳನ್ನೂ ವಾಪಸ್ ಕರೆಸಿಕೊಂಡರು. ಅವನು ಸಸಿಗಳಿಗೆ ನೀರು ಹಾಕುತ್ತಿದ್ದವನು, ಕೈ ತೊಳೆದುಕೊಂಡು ರೈಲು ಹತ್ತಿದ. ಇಷ್ಟು ನಿನಗೆ ಗೊತ್ತು. ನಾನು ವರ್ಷ ವರ್ಷ ಅವರ ರಾಯಭಾರ ಕಚೇರಿಗೆ ಕಾಗದ ಬರೆಯುತ್ತಿದ್ದದ್ದೂ ಗೊತ್ತು. ನನ್ನ ಪಕ್ಕ ಕೂತು ಅಂಚೆಚೀಟಿಗೆ ನಾಲಿಗೆ ಹಚ್ಚುತ್ತಿದ್ದವಳು ನೀನೇ. ನಿನಗೆ ಹದಿನೇಳಾದ ವರ್ಷ ನಾನು ಇದ್ದಕ್ಕಿದ್ದಂತೆ ಬರೆಯುವುದನ್ನು ನಿಲ್ಲಿಸಿದೆ. ಅವನು ನ್ಯುಮೋನಿಯಾದಲ್ಲಿ ಸತ್ತನೆಂದು ಸುದ್ದಿ ಬಂತು ಎಂದೆ.

ಅಂಥ ಸುದ್ದಿ ಯಾವುದೂ ಬಂದಿರಲಿಲ್ಲ. ಬಂದದ್ದು ದೋಬ್ರಿ.

ಫಿಟ್ಟರ್ ದೋಬ್ರಿ ನಿನಗೆ ನೆನಪಿರಬೇಕು, ನಿನಗೆ ಸೈಕಲ್ ಕಲಿಸಿದವನು. ಆ ವರ್ಷ ಕಾರ್ಖಾನೆಯವರು ಅವನನ್ನು ನಿನ್ನ ಅಪ್ಪನ ದೇಶಕ್ಕೆ ಕಳಿಸಿದ್ದರು, ಜಾಡಿ ಮುಚ್ಚುವ ಯಂತ್ರ ಕೂರಿಸಲು. ವಾಪಸ್ ಬಂದವನು ಮನೆಗೂ ಹೋಗದೆ ನೇರ ನನ್ನ ಹತ್ತಿರ ಬಂದ. "ಕೂತ್ಕೋ ಗಿನ್ಕಾ, ನಿಂತ್ಕೊಂಡು ಕೇಳೋ ಮಾತಲ್ಲ" ಎಂದ. ಅಲ್ಲಿ ಹಿಂದಿನ ಗೇಟಿನಲ್ಲಿ ಟೊಮೆಟೊ ಮೂಟೆ ಇಳಿಸುವ ಕೂಲಿಗಳಲ್ಲಿ ಒಬ್ಬ, ಮೂಟೆಯ ಬಾಯಿ ಕಟ್ಟುವ ನೆಪದಲ್ಲಿ ಇವನ ಕಾಲ ಹತ್ತಿರ ಬಗ್ಗಿದನಂತೆ. ತಲೆ ಎತ್ತದೆ, ನಮ್ಮ ಭಾಷೆಯಲ್ಲಿ, ತೊದಲುತ್ತ ಮಾತಾಡಿದನಂತೆ. ತರಕಾರಿ ವಿಜ್ಞಾನ ಓದಿದವನು, ಚಿನ್ನದ ಪದಕ ಪಡೆದವನು, ನಿನ್ನ ಅಪ್ಪ, ಮೂಟೆ ಹೊರುತ್ತಿದ್ದ.

"ಕಾಗದ ಬರೀಬೇಡ ಅನ್ನು ಅವಳಿಗೆ. ಒಂದೊಂದು ಕಾಗದ ಬಂದಾಗ್ಲೂ ಕರೆಸ್ತಾರೆ. ಮೊದ್ಲು ರಾಜಧಾನಿ ಬಿಡಿಸಿದ್ರು, ಆಮೇಲೆ ಕಚೇರಿ ಬಿಡಿಸಿದ್ರು. ನಂಗೆ ಹೆಂಡ್ತಿ ಇದಾಳೆ, ಎರಡು ಹೆಣ್ಣುಮಕ್ಳು ಇದಾರೆ. ಇನ್ನೊಂದ್ಸಲ ನನ್ನ ಹೆಸರು ಹೊರದೇಶದಿಂದ ಬಂದ್ರೆ ಅವರನ್ನೂ ಸೇರಿಸಿ ಬೆಟ್ಟದ ಮೇಲಿನ ಜೈಲಿಗೆ ಕಳಿಸ್ತಾರೆ. ಅಲ್ಲಿಂದ ಯಾರೂ ಇಳಿದು ಬರಲ್ಲ." ಇಷ್ಟೇ ಹೇಳಿದ್ದು. ಕಾವಲುಗಾರ ಕೂಗಿದ, ಅವನು ಮೂಟೆ ಹೊತ್ತು ಹೋದ. ದೋಬ್ರಿ ಇನ್ನೂ ಎರಡು ತಿಂಗಳು ಅಲ್ಲಿದ್ದ, ಮತ್ತೆ ಅವನನ್ನು ಕಾಣಲಿಲ್ಲ.

ಹೆಂಡತಿ ಎಂಬ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ. ಕಾರ್ಖಾನೆಯಲ್ಲಿ ನನ್ನ ಹಿಂದೆ ಬಿದ್ದವರನ್ನೆಲ್ಲ ಓಡಿಸಿಕೊಂಡು ನಾನು ಇಲ್ಲಿ ಕಾಯುತ್ತಿದ್ದರೆ, ಅವನು ಅಲ್ಲಿ ಸಂಸಾರ ಹೂಡಿದ್ದ. ಅವನನ್ನು ಬಾಯಿಗೆ ಬಂದಂತೆ ಬೈದೆ. ದೋಬ್ರಿ, "ಬೈದಿದ್ದಾಯ್ತಾ? ಈಗ ಆ ಮಕ್ಕಳ ಬಗ್ಗೆ ಯೋಚ್ನೆ ಮಾಡು" ಎಂದ. ದೊಡ್ಡವಳಿಗೆ ಆಗ ಹತ್ತಿರಬಹುದು. ಯೋಚನೆ ಮಾಡಿದೆ. ಪೆನ್ನು ಅವತ್ತೇ ಎತ್ತಿಟ್ಟೆ.

ನಿನಗೆ ಯಾಕೆ ಹೇಳಲಿಲ್ಲ ಎನ್ನುತ್ತೀಯ. ನಿನಗೆ ಹದಿನೇಳು. ಶಾಲೆಯಲ್ಲಿ ನಿನ್ನನ್ನು "ಚೀನೀ" ಎಂದು ಕರೆದವರ ಹಲ್ಲು ಮುರಿದು ಬರುತ್ತಿದ್ದವಳು ನೀನು. ಸೋಫಿಯಾಕ್ಕೆ ಹೋಗಿ ಅವರ ರಾಯಭಾರ ಕಚೇರಿಯ ಗೇಟಿನ ಮುಂದೆ ಅಪ್ಪನ ಹೆಸರು ಕೂಗುತ್ತೇನೆ ಎಂದು ಚೀಲ ಕಟ್ಟಿದ್ದೆ. ಬದುಕಿದ್ದಾನೆ ಎಂದಿದ್ದರೆ ನಿನ್ನನ್ನು ಹಗ್ಗ ಹಾಕಿ ಕಟ್ಟಿದರೂ ನಿಲ್ಲುತ್ತಿರಲಿಲ್ಲ. ಸತ್ತ ಎಂದೆ, ನೀನು ನಿಂತೆ. ನೀನು ಅತ್ತದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಗೇಟಿಗೆ ಚೀಟಿ ಅಂಟಿಸೋಣ ಎಂದು ಗೋಗರೆದೆ ನೀನು. ಬದುಕಿರುವವನ ಫೋಟೋಕ್ಕೆ ಕಪ್ಪು ಅಂಚು ಹಾಕಲು ನನಗೆ ಕೈ ಬರಲಿಲ್ಲ. ನಿನ್ನ ಕಣ್ಣಲ್ಲಿ ಕಲ್ಲೆದೆಯವಳಾದೆ. ಆಗಲಿ ಎಂದುಕೊಂಡೆ.

ಈಗಲೂ ಅವನು ಬದುಕಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಎಂಬತ್ತೆಂಟು. ಆದರೆ ಆ ಹುಡುಗಿಯರು ಇದ್ದಾರೆ, ಐವತ್ತು ದಾಟಿದವರು, ಅವರಿಗೂ ಮಕ್ಕಳು ಮೊಮ್ಮಕ್ಕಳು ಇದ್ದಾರು. ದಕ್ಷಿಣದವರ ಟಿವಿಯಲ್ಲಿ, ದಕ್ಷಿಣದ ಸರ್ಕಾರ ನಡೆಸುವ ಕೇಂದ್ರದಲ್ಲಿ, ಅವನ ಹೆಸರು, ಊರು, ಜಿಲ್ಲೆ, ಮುಖ, ಎಲ್ಲ. ಒಂದು ಅಂಚೆ ಕಾಗದಕ್ಕೆ ಮೂಟೆ ಹೊರಿಸಿದವರು ಇದಕ್ಕೆ ಏನು ಮಾಡುತ್ತಾರೆ? ಏನೂ ಮಾಡದೆಯೂ ಇರಬಹುದು. ಯಾರೂ ನೋಡದೆಯೂ ಇರಬಹುದು. ಇರಬಹುದು ಎಂಬುದನ್ನು ನಂಬಿ ನಾನು ಇನ್ನೊಬ್ಬರ ಮೊಮ್ಮಕ್ಕಳನ್ನು ಬೆಟ್ಟಕ್ಕೆ ಕಳಿಸಲಾರೆ.

ಆನ್ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಹೆಂಗಸು. "ಇಂಥ ಕಥೆಗಳು ಜಗತ್ತಿಗೆ ಗೊತ್ತಾಗ್ಬೇಕು ಅಜ್ಜಿ, ಆಗ್ಲೇ ನಮ್ಮ ದೇಶ ಒಂದಾಗೋದು" ಎಂದು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. ಅವರಿಗೆ ನಮ್ಮ ಮೇಲೆ ಪ್ರೀತಿ ಇದೆ. ಅವರ ಮೇಲಿನವರಿಗೆ ವರ್ಷಕ್ಕೊಂದು ಒಳ್ಳೆಯ ಕಥೆ ಬೇಕಿದೆ. ಎರಡೂ ನಿಜ. ಬೆಟ್ಟದ ವಿಷಯ ಅವರಿಗೆ ಹೇಳೋಣ ಎಂದು ನೀನು ಅನ್ನಬಹುದು. ನಾನೂ ಯೋಚಿಸಿದೆ. ಹೇಳಿದರೆ ಅದೂ ಒಂದು ಕಥೆಯಾಗುತ್ತದೆ, ಇದಕ್ಕಿಂತ ದೊಡ್ಡದು. ಮುಖ ಮಸುಕು ಮಾಡುತ್ತೇವೆ, ಹೆಸರು ಬದಲಿಸುತ್ತೇವೆ ಎಂದು ಆ ಟಿವಿಯವರು ಒಪ್ಪಿಸುತ್ತಾರೆ. ಆ ವರ್ಷ ಪ್ಲೊವ್ದಿವ್‌ನಲ್ಲಿ ಮಗು ಬಿಟ್ಟು ಹೋದ ಕೊರಿಯನ್ ಹುಡುಗರು ಎಷ್ಟು ಜನ? ಕಣ್ಣು ಕಟ್ಟಿಕೊಂಡೂ ಗುರುತು ಹಿಡಿಯಬಹುದು.

ನಿನ್ನಿಂದ ನಾನು ಏನು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತಿದೆ. ಆ ಕೇಂದ್ರಕ್ಕೆ ಹೋಗಲು ಶುರುಮಾಡಿದ ಮೂರು ವರ್ಷದಲ್ಲಿ ನೀನು ನಕ್ಕಷ್ಟು ಅದಕ್ಕೆ ಮೊದಲು ನಕ್ಕಿದ್ದನ್ನು ನಾನು ನೋಡಿಲ್ಲ. ಮೊದಲ ದಿನ ಬಂದು ಹೇಳಿದೆಯಲ್ಲ, "ಅಮ್ಮಾ, ಬಾಗಿಲಲ್ಲಿ ನನ್ನನ್ನ ಯಾರೂ ಎರಡನೇ ಸಲ ತಿರುಗಿ ನೋಡ್ಲಿಲ್ಲ" ಎಂದು. ಅದೊಂದು ಸುಖ ನಿನಗೆ ಕೊಡಲು ನನ್ನಿಂದ ಆಗಿರಲಿಲ್ಲ. ಎಲೆಕೋಸು ಹೆಚ್ಚುತ್ತ ಅವರ ಮಾತು ಕಲಿತೆ, ಅಡುಗೆ ಕ್ಲಾಸಿಗೆ ಮೇಷ್ಟ್ರಾದೆ, ನನ್ನ ಪೀಪಾಯಿಯ ಹುಳಿ ಕೋಸನ್ನು ಸಪ್ಪೆ ಎಂದು ಹಳಿಯುವಷ್ಟು ಸೊಕ್ಕೂ ಬಂತು. ಅಕ್ಟೋಬರಿನಲ್ಲಿ ಅವರ ಖರ್ಚಿನಲ್ಲಿ ಸಿಯೋಲ್‌ಗೆ ಹೋಗುವವರಲ್ಲಿ ನಿನ್ನ ಹೆಸರೂ ಇದೆ ಎಂದಾಗ ನೀನು ಮಾರುಕಟ್ಟೆಯಲ್ಲೇ ನನ್ನನ್ನು ಎತ್ತಿ ತಿರುಗಿಸಿದೆ. ಇದನ್ನೆಲ್ಲ ಬಿಡು, ಅಪ್ಪನಿಲ್ಲದವಳಾಗು ಎನ್ನುತ್ತಿದ್ದೇನೆ. ಬಿಟ್ಟುಕೊಡಬೇಕಾದದ್ದು ನೀನು ಕಂಡೇ ಇಲ್ಲದ ಇಬ್ಬರು ತಂಗಿಯರಿಗಾಗಿ. ಅವರಿಗೆ ನೀನು ಇರುವುದೇ ಗೊತ್ತಿಲ್ಲದಿರಬಹುದು, ಒಂದು ಥ್ಯಾಂಕ್ಸ್ ಕೂಡ ಬರುವುದಿಲ್ಲ.

ನಿನ್ನ ಅಪ್ಪ ನಿನ್ನ ಬಗ್ಗೆ ಕೇಳಿದನೇ ಎಂದು ನೀನು ಕೇಳುತ್ತೀಯ, ಅದೂ ಗೊತ್ತು. ದೋಬ್ರಿಯನ್ನು ನಾನೂ ಕೇಳಿದೆ. ಸಮಯ ಸಿಗಲಿಲ್ಲ ಎಂದ. ಬೇರೆಯವಳಾಗಿದ್ದರೆ, ಕೇಳಿದ, ಕಣ್ಣೀರು ಹಾಕಿದ ಎಂದು ಇಲ್ಲಿ ಸೇರಿಸುತ್ತಿದ್ದಳು. ನಿನಗೆ ಒಂದು ದೊಡ್ಡ ಸುಳ್ಳು ಹೇಳಿಯಾಗಿದೆ, ಚಿಲ್ಲರೆ ಸುಳ್ಳುಗಳು ಬೇಡ.

ನೀನು ದೊಡ್ಡವಳು, ಅಪ್ಪ ನಿನ್ನವನು. ನಿರ್ಧಾರ ನಿನ್ನದು. ನಾಳೆ ಕ್ಯಾಮೆರಾ ಮುಂದೆ ನೀನು ಏನು ಹೇಳಿದರೂ ನಾನು ಅದಕ್ಕೆ ತಲೆಯಾಡಿಸುತ್ತೇನೆ. ಭಾನುವಾರ ಬಾ. ಕೋಸು ಬಂದಿದೆ, ಪೀಪಾಯಿ ತೊಳೆಯಬೇಕು, ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಬೈಯುವುದಿದ್ದರೆ ಪೀಪಾಯಿ ತೊಳೆಯುತ್ತ ಬೈಯಿ.

ಮುತ್ತುಗಳೊಂದಿಗೆ,
ನಿನ್ನ ಅಮ್ಮ
ಗಿನ್ಕಾ

ಮತ್ತೆ ಬರೆದದ್ದು: ನಿರ್ಧಾರ ನಿನ್ನದು ಎಂದು ಮೇಲೆ ಬರೆದೆನಲ್ಲ, ಅದನ್ನು ನಂಬಬೇಡ. ಆ ಟಿವಿ ಹುಡುಗಿ ದುಭಾಷಿಯನ್ನು ಕರೆದುಕೊಂಡು ನಿನ್ನೆ ಮಧ್ಯಾಹ್ನವೇ ಇಲ್ಲಿಗೆ ಬಂದಿದ್ದಳು. ನಾನು ಹೇಳಿಬಿಟ್ಟೆ, ಕ್ಯಾಮೆರಾ ಮುಂದೆಯೇ. ಫೋಟೋದಲ್ಲಿರುವವನು ಯಾರೋ, ಕಾರ್ಖಾನೆಯ ಕಸದಲ್ಲಿ ಸಿಕ್ಕಿದ ಫೋಟೋ ಅದು, ಮಗಳು ಅಪ್ಪ ಬೇಕೆಂದು ಅಳುತ್ತಿದ್ದಳು, ಕೊಟ್ಟೆ ಎಂದೆ. ಹಾಗಾದರೆ ಅವಳ ತಂದೆ ಯಾರು ಎಂದಳು. ಆ ವರ್ಷ ಎಷ್ಟೋ ದೇಶದ ಹುಡುಗರು ಬರುತ್ತಿದ್ದರು, ನಾನು ಹೆಸರು ಕೇಳುವವಳಾಗಿರಲಿಲ್ಲ ಎಂದೆ. ದುಭಾಷಿ ಅದನ್ನು ಅನುವಾದಿಸಲು ನಾಚಿಕೊಂಡ. ಸಂಜೆ ಆನ್ ಮೇಡಂ ಫೋನ್ ಮಾಡಿದ್ದರು, ಅತ್ತಿದ್ದರು ಎಂದು ದನಿಯಲ್ಲಿ ಗೊತ್ತಾಯಿತು. ಆ ಸಿಯೋಲ್ ಪ್ರಯಾಣ ಕೊರಿಯನ್ ವಂಶದವರಿಗೆ ಮಾತ್ರವಂತೆ. ನಾಳೆ ಅವರು ನಿನ್ನನ್ನು ಕರೆದಿರುವುದು ಸಂದರ್ಶನಕ್ಕಲ್ಲ, ಇದನ್ನು ಹೇಳುವುದಕ್ಕೆ. ಅಲ್ಲಿ ಒಬ್ಬಳೇ ಕೇಳಿಸಿಕೊಳ್ಳಬಾರದೆಂದೇ ಇದನ್ನು ಬರೆದೆ. ಹುಡುಗಿ ಹೊರಡುವಾಗ ಪುಸ್ತಕ ತೆಗೆದು, "ಮತ್ತೆ ಇಸ್ಕ್ರಾ ಬಗ್ಗೆ ಏನಂತ ಬರ್ಕೊಳ್ಳಿ ಅಜ್ಜಿ?" ಎಂದಳು. "ನನ್ನ ಮಗಳು ಅಂತ ಬರ್ಕೊಳಮ್ಮ" ಎಂದೆ. ಅವಳು ಪೆನ್ನಿನ ಮುಚ್ಚಳ ಹಾಕಿ ಚೀಲದಲ್ಲಿಟ್ಟುಕೊಂಡಳು.